ಎಂಟನೆಯ ತಲೆಗೆ ಸಿಹಿಗಂಜಿ

ಒಂದಾನೊಂದು ಕಾಲದಲ್ಲಿ ನಮ್ಮ ಹೀ ನದಿಯ ಎಂಟು ತಲೆಯ ಹಾವನ್ನು ಅಕ್ಕಿಯ ಹೆಂಡ ಕುಡಿಸಿ ಕೊಂದರಂತೆ.

"ಎಂಟನೇ ತಲೆ ಇನ್ನೂ ಕೂಸು ಕಣೇ. ಕೂಸಿಗೆ ಯಾರಾದ್ರೂ ಹೆಂಡ ಕುಡಿಸ್ತಾರಾ?" ಹಾಸಿಗೆ ಹಿಡಿದಿದ್ದ ಕಿನು ಅಜ್ಜಿ ಗೊಣಗಿದಳು. "ಚಿಕ್ಕವಳಿದ್ದಾಗ ಹೊಳೇಲಿ ಅದು ಅಳೋದು ಕೇಳಿಸ್ತು. ಸಿಹಿಗಂಜಿ ತರ್ತೀನಿ ಅಂದಿದ್ದೆ. ನೀನಾದ್ರೂ ಕೊಟ್ಟು ಬಾರೇ, ನೆಮ್ಮದಿಯಾಗಿ ನಿದ್ದೆ ಮಾಡ್ತೀನಿ."

"ನನ್ನನ್ನೇ ತಿಂದ್ರೆ, ಅಜ್ಜೀ?"

"ನಿನ್ನಲ್ಲಿ ತಿನ್ನೋಕೇನಿದೆ, ಬರೀ ಮೂಳೆ!"

ಬೆಳಗಿನ ಮಂಜಿನಲ್ಲಿ ಹೊಳೆಯ ಸದ್ದು ನಿಂತುಹೋಗಿತ್ತು. ಹಿಮ ಬಿದ್ದ ಬಂಡೆ ಒಲೆಯ ಕಟ್ಟೆಯಂತೆ ಬೆಚ್ಚಗಿತ್ತು. ಗಂಜಿಯ ಬಟ್ಟಲು ನೀರಿನತ್ತ ಚಾಚಿ ಮುಖ ತಿರುಗಿಸಿಕೊಂಡೆ. ಹಾಲುಗೂಸಿನದಂಥ ಉಸಿರು ಮಣಿಕಟ್ಟಿಗೆ ತಾಗಿತು.

ಖಾಲಿ ಬಟ್ಟಲನ್ನು ಅಜ್ಜಿಯ ಕೈಗಿಟ್ಟೆ. ಅವಳು ನಕ್ಕು ನಿದ್ದೆಹೋದಳು. ಸಂಜೆಯಾದರೂ ಬಟ್ಟಲಿನ ಬಿಸಿ ಆರಲಿಲ್ಲ.