ಫೈನಲ್‌ನ ಮೂರನೆಯ ಗೋಲು

೨೦೦೭ರ ಮೇ ತಿಂಗಳ ಸುಡುವ ಮಧ್ಯಾಹ್ನ. ಬ್ಯಾಡಗಿಯ ಸೈಬರ್ ಕೆಫೆಯಲ್ಲಿ ನೀಲಾ ಒಬ್ಬಳೇ ಗಿರಾಕಿ. ಉಕ್ಕಿನ ಅಲಗಿನ ಬೂಟು ತೊಟ್ಟು ಮಂಜುಗಡ್ಡೆಯ ಮೇಲೆ ಜಾರುತ್ತ ಆಡುವ ಐಸ್ ಹಾಕಿಯ ಆನ್‌ಲೈನ್ ಆಟವೊಂದರಲ್ಲಿ ಭಾರತದ ಕಿರಿಯರ ತಂಡಕ್ಕೆ ಅವಳೇ ಮ್ಯಾನೇಜರ್. ಅಂದು ಫಿನ್ಲೆಂಡ್ ಜೊತೆ ವಿಶ್ವಕಪ್ ಫೈನಲ್.

ಎರಡು-ಎರಡು ಸಮವಾದಾಗ ಕೀಬೋರ್ಡ್ ತಣ್ಣಗಾಯಿತು. ಕಲ್ಲಿನ ಮೇಲೆ ಕತ್ತಿ ಮಸೆದಂಥ ಸದ್ದೊಂದು ಬಾಗಿಲಿನಿಂದ ಅವಳ ಕುರ್ಚಿಯವರೆಗೆ ಬಂದು ನಿಂತಿತು.

"ಕೊಟ್ರೇಶಣ್ಣಾ, ಏನ್ರಿ ಸಪ್ಪಳ ಅದು?"

"ಇಲ್ಲಿ ಯಾರೂ ಇಲ್ಲವ್ವಾ. ನಿನ್ನ ಬಾಯಾಗಿಂದ ಹೊಗಿ ಬರಾಕತ್ತೈತಲ್ಲ!" ಎಂದ ಕೆಫೆಯ ಮಾಲೀಕ.

ಅಷ್ಟರಲ್ಲಿ ಪರದೆಯ ಮೇಲೆ ಭಾರತದ ಮೂರನೆಯ ಗೋಲು ಮೂಡಿ, ಆಟ ಮುಗಿಯಿತು.

"ಗೆದ್ವಿ! ಜಗತ್ತಿಗೇ ನಾವು ಫಸ್ಟ್!" ನೀಲಾ ಕುರ್ಚಿ ಉರುಳಿಸಿ ಕುಣಿದಳು. ಕೊಟ್ರೇಶ ಓಣಿಗೆಲ್ಲ ಪೇಡೆ ಹಂಚಿದ.

ಸಂಜೆ ಪಂದ್ಯದ ವರದಿ ಬಂತು. ಕೊನೆಯ ಗೋಲು ಹೊಡೆದವರ ಹೆಸರಿನ ಜಾಗದಲ್ಲಿ "ಬ್ಯಾಡಗಿ" ಎಂದಷ್ಟೇ ಇತ್ತು. ನೀಲಾ ಆ ಆಟದಲ್ಲಿ ತನ್ನ ಊರಿನ ಹೆಸರನ್ನು ಎಲ್ಲೂ ಬರೆದಿರಲಿಲ್ಲ.