ಬೀದಿ ಗೋಡೆಯ ಹೂಜಿ

ಕಾವಲುಗಾರ ಬಖೀತನೇ ಇರಬಹುದೇ? ಇರಲಾರ. ಆದರೆ ಆ ಹೂಜಿಗೆ ಇಷ್ಟು ವರ್ಷ ನೀರು ತುಂಬಿದವನು ಅವನಲ್ಲದೆ ಇನ್ನಾರು? ಇಂಜಿನಿಯರ್ ಶೌಕಿಗೆ ತನ್ನ ಅನುಮಾನದ ಮೇಲೆಯೇ ಬೇಸರವಾಯಿತು.

ಅಲೆಕ್ಸಾಂಡ್ರಿಯಾದ ವಿಶ್ವವಿದ್ಯಾಲಯದ ಹಳೆಯ ಕಲ್ಲುಕಟ್ಟಡ ಅಪಾಯಕಾರಿ ರೋಗಾಣುಗಳ ಪ್ರಯೋಗಾಲಯವಾಗುತ್ತಿತ್ತು. ಒಳಗಿನ ಗಾಳಿ ಎಳ್ಳಷ್ಟೂ ಸೋರಬಾರದು. ಬೀದಿ ಗೋಡೆಯ ಗೂಡಿನಲ್ಲಿ, ಕಂಬಿಗಳ ಹಿಂದೆ, ದಾರಿಹೋಕರಿಗೆಂದು ನಲ್ಲಿಯ ಹೂಜಿಯೊಂದಿತ್ತು. ನೀರು ತುಂಬುವುದು ಒಳಗಿನಿಂದ ಮಾತ್ರ. ಆ ಗೂಡಿಗೆ ಒಳಗಡೆ ಹಲಗೆ ಬಡಿದು ಮುಚ್ಚಿದ್ದರು. ಬೆಳಗಾದರೆ ಹಲಗೆ ಕೊಯ್ದಿರುತ್ತಿತ್ತು, ಹೂಜಿ ತುಂಬಿರುತ್ತಿತ್ತು. ನಾಳೆ ತಪಾಸಣೆ.

"ನೋಡೋದೇನಿದೆ ಸಾಹೇಬ್ರೇ? ಕೀಲಿ ಇವನ ಹತ್ರ. ಮಧ್ಯಾಹ್ನಕ್ಕೆ ಇವನನ್ನ ಕೆಲಸದಿಂದ ತೆಗೆಸಿ ಮನೆಗೆ ಕಳಿಸ್ತೀನಿ" ಎಂದ ಮೇಸ್ತ್ರಿ ಗರೀಬ್.

"ನೀನು ಬಡಿದ ಹಲಗೆಗೆ ಕಳ್ಳ ಯಾಕಪ್ಪಾ? ಸೀನಿದ್ರೆ ಸಾಕು, ಬೀಳುತ್ತೆ" ಎಂದ ಕಾವಲುಗಾರ ಬಖೀತ್.

ಶೌಕಿ ಕರೆಸಿದ್ದ ನಿವೃತ್ತ ಪತ್ತೇದಾರ ಲಬೀಬ್ ಕೇಳಿದ: "ನೀನೇ ಕೊಯ್ದೆಯಾ?"

"ನಾನೇ ಅಂದ್ಕೊಳ್ಳಿ." ಬಖೀತ್ ಕೀಲಿಗೊಂಚಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ.

ಹಲಗೆಯ ಸೀಳಿಗೆ ಅಂಟುಪಟ್ಟಿ ಹಚ್ಚಿತ್ತು. ಲಬೀಬ್ ಎಳೆದ ಕೂಡಲೇ ಅದು ಸಲೀಸಾಗಿ ಬಂತು. ಅದರ ತುದಿ ಬೆರಳಗಲ ಒಳಕ್ಕೆ ಮಡಚಿತ್ತು. ಶೌಕಿ ಅದನ್ನು ಕಂಡ. ಏನೂ ಹೊಳೆಯಲಿಲ್ಲ.

ಲಬೀಬ್ ನಿರ್ದೇಶಕಿ ಡಾ. ಸಫಿನಾಜ್‌ರನ್ನೂ ಕರೆಸಿದ. ಎಲ್ಲರ ಕೈಗೂ ಪಟ್ಟಿಯ ಸುರುಳಿ ಕೊಟ್ಟು, "ಸೀಳು ಮುಚ್ಚಿ" ಎಂದ. ಗರೀಬ್ ಹಲ್ಲಿನಿಂದ ಹರಿದು ಬಡಿದ. ಬಖೀತ್ ತುದಿ ಸಿಗದೆ ಉಗುರಿನಿಂದ ಕೆರೆದ. ಸಫಿನಾಜ್ ಅಂಟಿಸಿ, ಅರಿವಿಲ್ಲದೆ ತುದಿ ಮಡಚಿದರು.

"ಎರಡೆರಡು ಕೈಗವಸು ಹಾಕಿ ದುಡಿಯೋರಿಗೆ ಉಗುರು ಕೆಲಸಕ್ಕೆ ಬರಲ್ಲ, ಡಾಕ್ಟ್ರೇ. ಬಿಡಿಸೋಕೆ ತುದಿ ಮಡಚಲೇಬೇಕು" ಎಂದ ಲಬೀಬ್ ಮೆಲ್ಲಗೆ. "ಕೀಲಿ ನಿಮ್ಮ ಹತ್ರನೂ ಇದೆ, ಸೀಳೂ ನೇರವಾಗಿದೆ. ಗೋಡೆ ಕೆಡಿಸೋಕೆ ಬಂದವನು ಗಾಯಕ್ಕೆ ಪಟ್ಟಿ ಕಟ್ಟಲ್ಲ. ನಿಮಗೆ ಗೋಡೆನೂ ಬೇಕಿತ್ತು, ನೀರೂ ಬೇಕಿತ್ತು. ನೀವು ಹೇಳದಿದ್ರೆ ಬಖೀತನ ಕೆಲಸ ಹೋಗುತ್ತೆ."

"ಬಖೀತನದಾ? ನನಗೆ ಯಾರೂ ಹೇಳ್ಲೇ ಇಲ್ವಲ್ಲ!" ಸಫಿನಾಜ್ ಕೈಯಲ್ಲಿದ್ದ ಸುರುಳಿ ಕೆಳಗಿಟ್ಟರು. "ನನ್ನ ಗುರು ಮುನೀರಾ ಮೇಡಂ ಇದೇ ಕೋಣೇಲಿ ಸೋಂಕು ತಗುಲಿ ಹೋದ್ರು. ಆಗ ನಮಗಿದ್ದ ರಕ್ಷಣೆ ಅಂದ್ರೆ ತೆರೆದ ಕಿಟಕಿ. ಅವರ ಹೆಸರಲ್ಲಿ ಹೂಜಿ ಇಟ್ಟೆ. ಇನ್ನೊಬ್ರು ಹಾಗೆ ಹೋಗಬಾರ್ದು ಅಂತ ಗೂಡು ಮುಚ್ಚೋಕೆ ಸಹಿಯನ್ನೂ ಹಾಕ್ದೆ. ಈ ಕಟ್ಟಡದಲ್ಲಿ ಭಾವುಕತೆಗೆ ಜಾಗ ಇಲ್ಲ ಅಂತ ಎಲ್ಲರ ಮುಂದೆ ಅಂದವಳು, ಹೂಜಿಗೆ ಜಾಗ ಕೊಡಿ ಅಂತ ಇನ್ನು ಯಾವ ಬಾಯಲ್ಲಿ ಕೇಳ್ಲಿ?"

"ನನ್ನ ಗೇಟಿನ ಹತ್ರ ಒಳ್ಳೇ ನೆರಳಿದೆ, ಡಾಕ್ಟ್ರಮ್ಮ" ಎಂದ ಬಖೀತ್.

ಸಂಜೆಗೆ ಗರೀಬ್ ಗೊಣಗುತ್ತಲೇ ಗೇಟಿನ ಬಳಿ ಹೂಜಿಗೆ ಕಟ್ಟೆ ಕಟ್ಟಿದ. ಮೊದಲ ಲೋಟ ತಾನೇ ಕುಡಿದ. ಗೂಡು ಭದ್ರವಾಗಿ ಮುಚ್ಚಿತು. ಮರುದಿನದ ತಪಾಸಣೆಯಲ್ಲಿ ಗಾಳಿ ಸೋರಲಿಲ್ಲ.

ಚಹಾಕ್ಕೆಂದು ಬಖೀತನ ಕೋಣೆಗೆ ಹೋದ ಶೌಕಿ, ಅದರ ಕಿಟಕಿಯಿಂದ ಹೊರಗೆ ಇಣುಕಿದ. ಅಲ್ಲಿಂದ ಪ್ರಯೋಗಾಲಯದ ಬಾಗಿಲು ನೇರಕ್ಕೆ ಕಾಣುತ್ತಿತ್ತು. ಬಖೀತ್ ಲೋಟದ ಬಿಸಿಗೆ ಊದುತ್ತಾ ಬೇರೆಲ್ಲೋ ನೋಡುತ್ತಿದ್ದ.

ಹಲಗೆ ಕೊಯ್ದ ಮೊದಲ ರಾತ್ರಿಯೇ ಬಖೀತ್ ಸಫಿನಾಜ್‌ರನ್ನು ಕಂಡಿದ್ದ. ಅದನ್ನು ಅವನು ಯಾರಿಗೂ ಹೇಳಲಿಲ್ಲ.