ಒಂದು ನಿಮಿಷ ಹದಿನಾಲ್ಕನೇ ಸೆಕೆಂಡಿನ ನಗು

ಅವಳ ಗೋಡೆಯ ಮೇಲಿದ್ದ ಹಳದಿ ಚೀಟಿಯೊಂದನ್ನು ಅವನು ಎರಡು ಬೆರಳಲ್ಲಿ ಹಿಡಿದು ಕಿತ್ತ. ಅವಳು ಕುರ್ಚಿ ತಳ್ಳಿ ಎದ್ದಳು.

"ಅದನ್ನ ಇದ್ದ ಜಾಗದಲ್ಲಿ ಅಂಟಿಸಿ."

"ಇನ್ನು ಇದು ಬೇಕಾಗಲ್ಲ ಮೇಡಂ. ಅದಕ್ಕೇ ನನ್ನನ್ನ ಕರೆಸಿರೋದು."

"ಅಂಟಿಸಿ ಅಂದೆ."

ಅವಳು ಆ ವಿಡಿಯೋ ಸ್ಟುಡಿಯೋದ ಎಡಿಟರ್. ಯಾರು ಏನು ತಿದ್ದಲು ಹೇಳಿದರೂ ಚೀಟಿಯ ತಲೆಯ ಮೇಲೆ ಮೊದಲು ಅದು ಚಿತ್ರದ ಎಷ್ಟನೇ ಪ್ರತಿ ಎಂದು ವರ್ಷನ್ ನಂಬರ್ ಬರೆದು, ಕೆಳಗೆ ಮಾತು ಬರೆದು, ಗೋಡೆಗೆ ಅಂಟಿಸುವುದು ಅವಳ ಎಂಟು ವರ್ಷದ ರೂಢಿ.

ಅವನು ಹೊಸ ಮ್ಯಾನೇಜರ್. ಕಂಪ್ಯೂಟರಿನಲ್ಲಿ ವಿಡಿಯೋ ನೋಡಿ ಎಲ್ಲರೂ ಕಾಮೆಂಟ್ ಬರೆಯುವ ಪುಟ ಒಂದು ಕಡೆ, ಯಾರ ಕೆಲಸ ಎಷ್ಟು ಬಾಕಿ ಎಂದು ತೋರಿಸುವ ಬೋರ್ಡ್ ಇನ್ನೊಂದು ಕಡೆ ಇದ್ದವು. ಅವೆರಡನ್ನೂ ಅವನು ಜೋಡಿಸಿದ್ದ. ಯಾವ ಸೆಕೆಂಡಿನಲ್ಲಿ ತಪ್ಪು ಕಂಡಿತೋ ಅಲ್ಲಿ ಬರೆದರೆ ಸಾಕು, ಅದು ತಾನಾಗಿ ಅವಳ ಬೋರ್ಡಿನಲ್ಲಿ ಕೆಲಸವಾಗಿ ಬಂದು ಕೂರುತ್ತಿತ್ತು. ಮಾಡಿ ಟಿಕ್ ಹಾಕುವುದಷ್ಟೇ. ಇನ್ನು ಮೇಲೆ ಬೋರ್ಡ್ ಒಂದನ್ನೇ ನೋಡಿ ಎಂದು ಅಪ್ಪಣೆ ಕೊಟ್ಟು ಹೋದ.

ಅವತ್ತೇ ಅವಳು ಅವನಿಗೆ 'ಟಿಕ್ಕಪ್ಪ' ಎಂದು ಹೆಸರಿಟ್ಟಳು. ಮಧ್ಯಾಹ್ನದೊಳಗೆ ಅದು ಅವನ ಕಿವಿಗೂ ಬಿತ್ತು.

ಆಮೇಲಿನ ಒಂದು ತಿಂಗಳು ಹಾವು ಮುಂಗುಸಿಯ ಬಾಳು. ಸದ್ದು ಜೋರಾಯಿತು... ಈ ಶಾಟ್ ಉದ್ದವಾಯಿತು... ಬೋರ್ಡಿನ ತುಂಬ ಅವನ ತಕರಾರುಗಳೇ. ಅವಳು ಹಾಕಿದ ಟಿಕ್ಕನ್ನು ಅವನು ತೆಗೆಯುತ್ತಿದ್ದ, ಅವನು ತೆಗೆದದ್ದನ್ನು ಅವಳು ಮತ್ತೆ ಹಾಕುತ್ತಿದ್ದಳು. ಲಿಫ್ಟಿನಲ್ಲಿ ಸಿಕ್ಕರೆ ಆಳಿಗೊಂದು ಗೋಡೆ ನೋಡುತ್ತಿದ್ದರು.

ಆದರೂ ಒಂದು ಮಾತು ಅವಳ ಮನಸ್ಸಿನಲ್ಲಿತ್ತು. ಮಿಕ್ಕವರ ಕಾಮೆಂಟುಗಳು ಚಿತ್ರದ ಮೊದಲ ಅರ್ಧ ನಿಮಿಷಕ್ಕೇ ಮುಗಿದುಹೋಗುತ್ತಿದ್ದವು. ಕೊನೆಯ ಸೆಕೆಂಡಿನವರೆಗೂ ಅವಳ ಕೆಲಸ ನೋಡುವವನು ಅವನೊಬ್ಬನೇ. ಅದಕ್ಕೇ ಅವನ ಮಾತು ಎಲ್ಲರದಕ್ಕಿಂತ ಹೆಚ್ಚು ಚುಚ್ಚುತ್ತಿತ್ತು.

ಆಗ ಬಂದದ್ದು ನರ್ಸಿಂಗ್ ಶಾಲೆಯೊಂದರ ಮೂರು ನಿಮಿಷದ ಚಿತ್ರ. ಬಿಳಿ ಕೋಟು ತೊಟ್ಟು ನಗುತ್ತಿದ್ದ ಮಾಡೆಲ್ ಹುಡುಗಿಗೆ ಬೆಡ್‌ಶೀಟಿನ ಮೂಲೆ ಮಡಚಲೂ ಬರುತ್ತಿರಲಿಲ್ಲ. ಎಡಿಟರ್ ತನ್ನ ಅಮ್ಮನನ್ನು ಶೂಟಿಂಗಿಗೆ ಕರೆತಂದಳು. ಮೂವತ್ತೊಂದು ವರ್ಷ ನರ್ಸ್ ಆಗಿದ್ದವಳು. ಮುಂದಿನ ಹಲ್ಲು ಮುರಿದಾಗಿನಿಂದ ಕೈ ಅಡ್ಡ ಇಡದೆ ನಕ್ಕವಳಲ್ಲ. ಆದರೆ ಅವತ್ತು ಬೆಡ್‌ಶೀಟಿನ ಮೂಲೆ ನೀಟಾಗಿ ಕೂತಾಗ, ಎರಡೂ ಕೈಗೆ ಕೆಲಸವಿದ್ದದ್ದರಿಂದ, ಮರೆತು ನಕ್ಕುಬಿಟ್ಟಳು.

ಮೂರನೇ ವರ್ಷನ್ನಿನಲ್ಲಿ ಮಾಡೆಲ್ ಇದ್ದ ಜಾಗಕ್ಕೆ ಅಮ್ಮ ಬಂದಳು. ಶುಕ್ರವಾರ ಚಿತ್ರದ ಪ್ರದರ್ಶನಕ್ಕೆಂದು ಸೀರೆಯನ್ನೂ ಇಸ್ತ್ರಿ ಮಾಡಿಟ್ಟಳು.

ಬುಧವಾರ ಬೋರ್ಡಿಗೆ ಅವನ ಹೆಸರಿನಲ್ಲಿ ಹೊಸ ಕೆಲಸ ಬಂತು.

'1:14. ಈ ನಗು ಸುಳ್ಳು. ತೆಗೆದುಹಾಕಿ.'

ಅವಳು 1:14ರ ಮೇಲೆ ಒತ್ತಿದಳು. ತೆರೆಯ ಮೇಲೆ ಅಮ್ಮನ ಮುಖ ತೆರೆದುಕೊಂಡಿತು.

ಜಗಳಕ್ಕೂ ಹೋಗಲಿಲ್ಲ ಅವಳು. ಅಮ್ಮನನ್ನು ತೆಗೆದಳು, ಖಾಲಿ ಹಾಸಿಗೆಯ ಶಾಟ್ ಹಾಕಿದಳು, ಟಿಕ್ ಒತ್ತಿದಳು. ಮನೆಗೆ ಹೋಗಿ, ಅವರು ಒಪ್ಪಲಿಲ್ಲಮ್ಮ ಎಂದಳು.

"ಹೋಗ್ಲಿ ಬಿಡು ಪುಟ್ಟಿ. ಹಲ್ಲು ಕಾಣಿಸ್ತೇನೋ."

ಅಮ್ಮ ಸೀರೆಯನ್ನು ಮತ್ತೆ ಬೀರುವಿಗೆ ಸೇರಿಸಿದಳು.

ಗುರುವಾರ ಬೆಳಿಗ್ಗೆ ನೋಡಿದರೆ ಆ ಟಿಕ್ ಮಾಯ. ಪಕ್ಕದಲ್ಲಿ ಅವನ ಪ್ರಶ್ನೆ: 'ಅವರೆಲ್ಲಿ?'

ಅವಳು ಸೀದಾ ಅವನ ಮೇಜಿಗೆ ಹೋದಳು. ಇಡೀ ಆಫೀಸು ತಲೆ ಎತ್ತಿತು.

"ತೆಗೆದುಹಾಕಿ ಅಂದೋರೂ ನೀವೇ, ಎಲ್ಲಿ ಅನ್ನೋರೂ ನೀವೇ. ಅದು ನಮ್ಮಮ್ಮನ ನಗು. ನಿಮಗೆ ಸುಳ್ಳು ಅನ್ನಿಸ್ತು ಅಲ್ವಾ?"

ಅವನ ಮುಖದ ಬಣ್ಣವೇ ಇಳಿಯಿತು. ತನ್ನ ತೆರೆಯನ್ನು ಅವಳ ಕಡೆ ತಿರುಗಿಸಿ ಕಾಮೆಂಟಿನ ಪುಟ ತೆಗೆದ. ಅವಳು ತಿಂಗಳಿಂದ ನೋಡದ ಪುಟ. 'ಈ ನಗು ಸುಳ್ಳು' ಎಂಬ ಮಾತು ಎರಡನೇ ವರ್ಷನ್ನಿನ ಮೇಲಿತ್ತು, ಮಾಡೆಲ್ ಹುಡುಗಿಯ ಮುಖದ ಕೆಳಗೆ.

ಮೂರನೆಯದರಲ್ಲಿ, ಅದೇ ಸೆಕೆಂಡಿನಲ್ಲಿ, ಅಮ್ಮನ ಕೆಳಗೆ ಅವನು ಬರೆದದ್ದು ಬೇರೆ: 'ಮೂಲೆ ಕೂತಾಗ ನಕ್ಕರಲ್ಲ ಇವರು, ಇದನ್ನು ಯಾರೂ ಮುಟ್ಟಬೇಡಿ.'

"ನಿನ್ನೆ ಎರಡನ್ನೂ ಒಂದಾದ ಮೇಲೊಂದು ನೋಡಿ ಬರೆದೆ. ಸೆಕೆಂಡು ಬೋರ್ಡಿಗೆ ಹೋಗಿದೆ, ವರ್ಷನ್ ನಂಬರ್ ಹೋಗಿಲ್ಲ. ನನ್ನದೇ ತಪ್ಪು," ಎಂದ.

"ನನ್ನ ಚೀಟಿ ಮೇಲೆ ಮೊದಲು ಬರೆಯೋದೇ ನಂಬರು."

ಅವಳ ಕಣ್ಣು ಪುಟದ ಕೆಳಗಿಳಿಯಿತು. 'ಇಲ್ಲಿ ಉಸಿರಾಡೋದನ್ನೇ ಮರೆತೆ.' 'ಈ ಮೌನ ಎಡಿಟರ್ ಒಬ್ಬರಿಗೇ ಗೊತ್ತು.' ಒಂದು ತಿಂಗಳ ಪ್ರತಿಯೊಂದು ಚಿತ್ರದಲ್ಲೂ... ಎಲ್ಲ ಅವನದೇ.

"ಇವೆಲ್ಲ ನನ್ನ ಬೋರ್ಡಿಗೆ ಯಾಕೆ ಬರಲಿಲ್ಲ?"

"ಮಾಡೋ ಕೆಲಸ ಇದ್ರೆ ಮಾತ್ರ ಕಳಿಸು ಅಂತ ಸಾಫ್ಟ್‌ವೇರಿಗೆ ನಾನೇ ಹೇಳಿಟ್ಟಿದ್ದೆ. ಮೆಚ್ಚಿಗೆ ಕೆಲಸ ಅಲ್ವಲ್ಲ." ಅವನು ತಲೆ ತಗ್ಗಿಸಿದ. "ಓದಿಯೂ ಉತ್ತರ ಕೊಡ್ತಿಲ್ಲ, ಎಷ್ಟು ಜಂಬ ಅಂದ್ಕೊಂಡಿದ್ದೆ."

"ಬೋರ್ಡ್ ಒಂದನ್ನೇ ನೋಡಿ ಅಂದೋರು ಯಾರು?"

ಅವಳ ಸಿಟ್ಟು ಅರ್ಧ ಇಳಿದಿತ್ತು, ಉಳಿದರ್ಧ ಬರೀ ಅಭ್ಯಾಸಕ್ಕೆ ನಿಂತಿತ್ತು. ಚಿತ್ರಕ್ಕೆ ಅಮ್ಮನನ್ನು ನಾನು ವಾಪಸು ತರುತ್ತೇನೆ, ಮನೆಗೆ ಬಂದು ಅವಳಿಗೆ ನೀವೇ ಹೇಳಿ ಎಂದಳು.

ಸಂಜೆ ಬಂದ. ಅಮ್ಮ ಎಲ್ಲ ಕೇಳಿಸಿಕೊಂಡು ಬೆಡ್‌ಶೀಟಿನ ಒಂದು ತುದಿಯನ್ನು ಅವನ ಕೈಗೆ ಕೊಟ್ಟಳು. ಮೂರು ಸಲ ಮಡಚಿದ, ಮೂರು ಸಲವೂ ಸೊಟ್ಟ. ಇನ್ನೊಂದು ತುದಿ ಹಿಡಿದಿದ್ದ ಅಮ್ಮನಿಗೆ ಬಾಯಿ ಮುಚ್ಚಿಕೊಳ್ಳಲು ಕೈ ಖಾಲಿಯಿರಲಿಲ್ಲ.

ಶುಕ್ರವಾರ ಅಮ್ಮ ಅದೇ ಸೀರೆಯುಟ್ಟು ತನ್ನನ್ನು ತಾನು ತೆರೆಯ ಮೇಲೆ ನೋಡಿದಳು.

ಸೋಮವಾರ ಆಫೀಸಿನಲ್ಲಿ ಮಗಳ ಗೋಡೆಯ ಮೇಲೆ ಅವಳದಲ್ಲದ ಒಂದು ಹಳದಿ ಚೀಟಿ. ತಲೆಯ ಮೇಲೆ 'ವರ್ಷನ್ 1'. ಕೆಳಗೆ: 'ನಿಮ್ಮ ಜಗಳವಿಲ್ಲದ ದಿನ ಸಪ್ಪೆ. ಜೀವನ ಪೂರ್ತಿ ನಿಮ್ಮಿಂದ ಬೈಸಿಕೊಳ್ಳುವ ಆಸೆ. ಒಪ್ಪಿಗೆಯೇ?'

ಅವಳು ಅದನ್ನು ಕಿತ್ತು ಅವನ ಮೇಜಿನ ಮೇಲಿಟ್ಟಳು.

"ಕೋಳಿ ಕೆರೆದ ಹಾಗಿದೆ ಅಕ್ಷರ. ವರ್ಷನ್ ಎರಡು ಬರ್ಕೊಂಡು ಬನ್ನಿ."

"ಅಂದ್ರೆ... ಒಪ್ಪಿಗೆ ಇಲ್ವಾ?"

ಅವಳು ಬಾಗಿಲವರೆಗೂ ಹೋಗಿ ನಿಂತಳು. ತಿರುಗಲಿಲ್ಲ. ನಗು ಕಾಣಬಾರದಲ್ಲ.

"ತಿದ್ದಿ ಅಂದೆ. ತೆಗೆದುಹಾಕಿ ಅಂದೆನಾ?"